ಅಳಗುಳಿಮಣೆ ಮತ್ತು ಜೀವದಾಟ: ಕೋಶ-ಸ್ವಯಂಚಾಲಿಗಳಲ್ಲಿ ಆಂದೋಲಕಗಳ ಶೋಧ

ಕರ್ನಾಟಕದ ಬಹುಭಾಗಗಳಲ್ಲಿ ಅಳಗುಳಿಮಣೆ ಎಂದೂ ತುಳುನಾಡಿನಲ್ಲಿ ಚೆನ್ನೆಮಣೆ ಎಂದೂ ಕರೆಯಲಾಗುವ ಆಟಕ್ಕೆ ಬೇಕಾದ ಸಾಮಗ್ರಿ ಅತ್ಯಲ್ಪ: ಏಳರಂತೆ ಎರಡು ಸಾಲುಗಳಲ್ಲಿ ಹದಿನಾಲ್ಕು ಗುಳಿಗಳುಳ್ಳ ಮರದ ಮಣೆ ಮತ್ತು ಒಂದಷ್ಟು ಹುಣಸೆಬೀಜ ಅಥವಾ ಕವಡೆ. ಮಣೆಯಿಲ್ಲದಿದ್ದರೆ ನೆಲದಲ್ಲಿ ತೋಡಿದ ಗುಳಿಗಳೇ ಸಾಕು. ಹಾವೇರಿ ಸೀಮೆಯ ಮೋಟೆಬೆನ್ನೂರಿನಲ್ಲಾಗಲಿ ಕರಾವಳಿಯ ಪುತ್ತೂರಿನಲ್ಲಾಗಲಿ ಬೀಜ ಗೆಲ್ಲುವ ನಿಯಮಗಳು ಭಿನ್ನವಾಗಿರಬಹುದು. ಮೂಲಕ್ರಿಯೆ ಮಾತ್ರ ಒಂದೇ. ಒಂದು ಗುಳಿಯ ಬೀಜಗಳೆಲ್ಲವನ್ನೂ ಕೈಗೆತ್ತಿಕೊಂಡು, ಮುಂದಿನ ಗುಳಿಗಳಲ್ಲಿ ಗುಳಿಗೊಂದರಂತೆ ಹಾಕುತ್ತ ಹೋಗುವುದು. ಈ ಕ್ರಿಯೆಯಲ್ಲಿ ಆಟಗಾರನ ಆಯ್ಕೆಯನ್ನೂ ಬೀಜ ಗೆಲ್ಲುವುದನ್ನೂ ತೆಗೆದುಹಾಕಿದರೆ ಉಳಿಯುವುದು ಆಟವಲ್ಲ, ಒಂದು ಗಣಿತವಸ್ತು. ಒಮ್ಮೆ ಆರಂಭದ ಸ್ಥಿತಿ ನಿಗದಿಯಾಯಿತೆಂದರೆ ಮುಂದಿನದೆಲ್ಲವೂ ನಿಯಮದಿಂದಲೇ ನಿಗದಿಯಾಗುತ್ತದೆ. ಹಾಗೆ ನಡೆಯುವ ವ್ಯವಸ್ಥೆಯೊಂದು ತನ್ನ ಹಿಂದಿನ ಸ್ಥಿತಿಗೆ ಮರಳುವುದೇ, ಮರಳಿದರೆ ಎಷ್ಟು ಹೆಜ್ಜೆಗಳ ತರುವಾಯ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಅಳಗುಳಿಮಣೆಯಲ್ಲಿ ಈ ಪ್ರಶ್ನೆಗೆ ಕೆಲವೇ ಸಾಲುಗಳ ಉತ್ತರವಿದೆ. ಅದೇ ಪ್ರಶ್ನೆಯನ್ನು 1970ರಲ್ಲಿ ಪ್ರಕಟವಾದ ಮತ್ತೊಂದು ಸರಳ ನಿಯಮದ ವಿಷಯದಲ್ಲಿ ಕೇಳಿದಾಗ ಉತ್ತರಕ್ಕೆ 2023ರವರೆಗೆ ಕಾಯಬೇಕಾಯಿತು.

ಮೊದಲು ಬೀಜಗಳ ವಿಷಯವನ್ನು ಮುಗಿಸುವುದು ಉಚಿತ. ನಿಯಮವು ಹೀಗಿರಲಿ: ಬೀಜಗಳಿರುವ ಗುಳಿಗಳ ಪೈಕಿ ಎಲ್ಲಕ್ಕಿಂತ ಹಿಂದಿರುವ ಗುಳಿಯನ್ನೇ ಪ್ರತಿಸಲವೂ ಎತ್ತಬೇಕು. ಒಂದರ ಮುಂದೊಂದು ಇರುವ ಮೂರು ಗುಳಿಗಳಲ್ಲಿ 3, 2, 1 ಬೀಜಗಳಿವೆಯೆಂದು ಭಾವಿಸಿದರೆ, ಹಿಂದಿನ ಮೂರನ್ನು ಎತ್ತಿ ಹಂಚಿದ ಮೇಲೆ ಮುಂದಿನ ಗುಳಿಗಳಲ್ಲಿ ಮತ್ತೆ 3, 2, 1 ದೊರೆಯುತ್ತದೆ. ಆಕೃತಿ ಬದಲಾಗಲಿಲ್ಲ, ಒಂದು ಗುಳಿಯಷ್ಟು ಮುಂದೆ ಸರಿಯಿತು. ಹದಿನಾಲ್ಕು ಗುಳಿಗಳ ಮಣೆಯನ್ನು ಸುತ್ತಿ ಬರುವಾಗ ಈ ಗುಂಪು ಹದಿನಾಲ್ಕನೆಯ ಹಂಚಿಕೆಯಲ್ಲಿ ಹೊರಟ ಸ್ಥಾನಕ್ಕೇ ಬಂದು ನಿಲ್ಲುತ್ತದೆ. ಈಗ ಎರಡೇ ಬೀಜಗಳನ್ನು ಒಂದು ಗುಳಿಯಲ್ಲಿಟ್ಟು ನೋಡಿದರೆ, ಮೊದಲ ಹಂಚಿಕೆಯ ನಂತರ 1, 1 ಎಂದೂ ಎರಡನೆಯದರ ನಂತರ ಮತ್ತೆ 2 ಎಂದೂ ಆಗುತ್ತದೆ. ಆಕೃತಿಯ ಆವರ್ತ ಎರಡು. ನಾಲ್ಕು ಬೀಜಗಳನ್ನು 3, 1 ಎಂದು ಇಟ್ಟರೆ ಅದು 2, 1, 1 ಆಗಿ, ಅನಂತರ 2, 2 ಆಗಿ, ಮತ್ತೆ 3, 1 ಆಗುತ್ತದೆ, ಆವರ್ತ ಮೂರು. ಏಳು ಬೀಜಗಳ 4, 2, 1 ಎಂಬ ಗುಂಪು 3, 2, 1, 1 ಆಗಿ, 3, 2, 2 ಆಗಿ, 3, 3, 1 ಆಗಿ ನಾಲ್ಕನೆಯ ಹಂಚಿಕೆಯಲ್ಲಿ ಮೊದಲಿನಂತಾಗುತ್ತದೆ.

ಇಲ್ಲಿ ಅಡಗಿರುವ ಕಾರಣ ಸ್ಪಷ್ಟ. ಒಂದೊಂದೇ ಕಡಿಮೆಯಾಗುತ್ತ ಇಳಿಯುವ ಮೆಟ್ಟಿಲಿನಂಥ ಗುಂಪು ಆಕೃತಿ ಕೆಡದೆ ಮುಂದೆ ಸಾಗುತ್ತದೆ. ಅದರ ಮೇಲೆ ಒಂದು ಹೆಚ್ಚುವರಿ ಬೀಜವನ್ನಿಟ್ಟರೆ, ಮೆಟ್ಟಿಲು ಮುಂದೆ ಸರಿದಂತೆಲ್ಲ ಆ ಬೀಜವು ಮೆಟ್ಟಿಲಿನ ಲೆಕ್ಕದಲ್ಲಿ ಒಂದೊಂದು ಸ್ಥಾನ ಹಿಂದೆ ಬೀಳುತ್ತದೆ. ಕಟ್ಟಕಡೆಯ ಗುಳಿಗೆ ಬಂದಾಗ ಎಲ್ಲದರೊಡನೆ ಹಂಚಿಹೋಗಿ ಮುಂತುದಿಯ ಬರಿಯ ಗುಳಿಯಲ್ಲಿ ಬೀಳುತ್ತದೆ. ಆದುದರಿಂದ ಆವರ್ತವು ಮೆಟ್ಟಿಲುಗಳ ಸಂಖ್ಯೆಗಿಂತ ಒಂದು ಹೆಚ್ಚು. ಆವರ್ತ 19 ಬೇಕೆಂದರೆ 18ರಿಂದ 1ರವರೆಗಿನ ಮೆಟ್ಟಿಲಿಗೆ 171 ಬೀಜಗಳು, ಮೇಲೊಂದು ಸೇರಿ 172. ಆವರ್ತ 41 ಬೇಕೆಂದರೆ 821 ಬೀಜಗಳು. ಗುಳಿಗಳ ಸಾಲು ಸಾಕಷ್ಟು ಉದ್ದವಾಗಿರಬೇಕು, ಅಷ್ಟೆ. ಯಾವ ಸಂಖ್ಯೆಯನ್ನು ಹೇಳಿದರೂ ಅದೇ ಆವರ್ತವುಳ್ಳ ಗುಂಪನ್ನು ಹುಡುಕದೆಯೇ ಬರೆದುಕೊಡಬಹುದು. ಹೀಗೆ ಎಲ್ಲ ಆವರ್ತಗಳೂ ಸಾಧ್ಯವಿರುವ ವ್ಯವಸ್ಥೆಯನ್ನು ‘ಸರ್ವಾವರ್ತಿ’ ಎನ್ನಬಹುದು.

ಜೀವದಾಟದ ನಿಯಮ

ಅಳಗುಳಿಮಣೆಯ ಈ ರೂಪವು ಕಟ್ಟುನಿಟ್ಟಾದ ಅರ್ಥದಲ್ಲಿ ಕೋಶ-ಸ್ವಯಂಚಾಲಿಯಲ್ಲ ಎಂಬುದನ್ನು ಹೇಳಲೇಬೇಕು. ಸೆಲ್ಯುಲರ್ ಆಟೋಮೇಟನ್ ಎಂದು ವಿಜ್ಞಾನದಲ್ಲಿ ಪ್ರಸಿದ್ಧವಾದ ವಸ್ತುವಿನಲ್ಲಿ ಪ್ರತಿಯೊಂದು ಕೋಶವೂ ತನ್ನ ನೆರೆಹೊರೆಯನ್ನು ಮಾತ್ರ ನೋಡಿ ಮುಂದಿನ ಸ್ಥಿತಿಯನ್ನು ಪಡೆಯುತ್ತದೆ ಮತ್ತು ಎಲ್ಲ ಕೋಶಗಳೂ ಏಕಕಾಲದಲ್ಲಿ ಬದಲಾಗುತ್ತವೆ. ಗುಳಿಯಲ್ಲಿ ಇಪ್ಪತ್ತು ಬೀಜಗಳಿದ್ದರೆ ಅದರ ಪ್ರಭಾವ ಇಪ್ಪತ್ತು ಗುಳಿಗಳಾಚೆಗೂ ತಲಪುತ್ತದೆ. ಕೋಶ-ಸ್ವಯಂಚಾಲಿಯಲ್ಲಿ ಅಂಥ ದೂರದ ಪ್ರಭಾವಕ್ಕೆ ಅವಕಾಶವಿಲ್ಲ. 1940ರ ದಶಕದಲ್ಲಿ ಸ್ಟಾನಿಸ್ಲಾವ್ ಉಲಾಮ್ ಮತ್ತು ಜಾನ್ ಫಾನ್ ನಾಯ್ಮನ್ ಈ ಕಲ್ಪನೆಗೆ ತಳಹದಿ ಹಾಕಿದರು. ತನ್ನನ್ನು ತಾನೇ ಮರುಸೃಷ್ಟಿಸಿಕೊಳ್ಳಬಲ್ಲ ಯಂತ್ರವೊಂದು ತಾತ್ತ್ವಿಕವಾಗಿ ಸಾಧ್ಯವೇ ಎಂಬುದು ಫಾನ್ ನಾಯ್ಮನ್ ಅವರ ಜಿಜ್ಞಾಸೆಯಾಗಿತ್ತು. ಅವರ ವ್ಯವಸ್ಥೆಯಲ್ಲಿ ಪ್ರತಿ ಕೋಶಕ್ಕೆ 29 ಸ್ಥಿತಿಗಳಿದ್ದವು.

ಕೇಂಬ್ರಿಜ್‌ನ ಗಣಿತಜ್ಞ ಜಾನ್ ಹಾರ್ಟನ್ ಕಾನ್ವೆ (1937–2020) ಅದನ್ನು ಎರಡೇ ಸ್ಥಿತಿಗಳಿಗೆ ಇಳಿಸಿದರು. ಅವರ ‘ಗೇಮ್ ಆಫ್ ಲೈಫ್’, ಕನ್ನಡದಲ್ಲಿ ‘ಜೀವದಾಟ’ ಎನ್ನಬಹುದಾದುದು, 1970ರ ಅಕ್ಟೋಬರ್ ತಿಂಗಳ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡ್ನರ್ ಅವರ ಅಂಕಣದ ಮೂಲಕ ಲೋಕಕ್ಕೆ ಪರಿಚಯವಾಯಿತು. ಎಲ್ಲೆಯಿಲ್ಲದ ಚೌಕುಳಿ ಹಾಳೆಯ ಪ್ರತಿ ಮನೆಯೂ ಸಜೀವ ಅಥವಾ ನಿರ್ಜೀವ. ಪ್ರತಿ ಮನೆಗೂ ಎಂಟು ನೆರೆಗಳು. ಸಜೀವ ಮನೆಗೆ ಎರಡು ಅಥವಾ ಮೂರು ಸಜೀವ ನೆರೆಗಳಿದ್ದರೆ ಅದು ಉಳಿಯುತ್ತದೆ, ಇಲ್ಲವಾದರೆ ಅಳಿಯುತ್ತದೆ. ನಿರ್ಜೀವ ಮನೆಗೆ ಸರಿಯಾಗಿ ಮೂರು ಸಜೀವ ನೆರೆಗಳಿದ್ದರೆ ಅಲ್ಲಿ ಜೀವ ಹುಟ್ಟುತ್ತದೆ. ನಿಯಮವೆಲ್ಲ ಇಷ್ಟೇ. ಮೂರು ಸಜೀವ ಕೋಶಗಳನ್ನು ಅಡ್ಡಸಾಲಿನಲ್ಲಿಟ್ಟರೆ, ತುದಿಯ ಎರಡಕ್ಕೂ ಒಂದೊಂದೇ ನೆರೆಯಿರುವುದರಿಂದ ಅವು ಅಳಿಯುತ್ತವೆ, ನಡುವಿನದು ಉಳಿಯುತ್ತದೆ, ನಡುವಿನ ಮೇಲೆ ಮತ್ತು ಕೆಳಗೆ ಹೊಸ ಕೋಶಗಳು ಹುಟ್ಟುತ್ತವೆ. ಅಡ್ಡಸಾಲು ಕಂಬಸಾಲಾಗಿ, ಮರುತಲೆಮಾರಿನಲ್ಲಿ ಮತ್ತೆ ಅಡ್ಡಸಾಲಾಗುತ್ತದೆ. ‘ಬ್ಲಿಂಕರ್’ ಎಂಬ ಇದೇ ಅತ್ಯಂತ ಸಣ್ಣ ಆಂದೋಲಕ. ಆಂದೋಲಕವೆಂದರೆ ನಿಗದಿತ ತಲೆಮಾರುಗಳ ನಂತರ ಅದೇ ಸ್ಥಳದಲ್ಲಿ ಅದೇ ರೂಪಕ್ಕೆ ಮರಳುವ ವಿನ್ಯಾಸ. ಆ ತಲೆಮಾರುಗಳ ಸಂಖ್ಯೆಯೇ ಅದರ ಆವರ್ತ.

ಕಾಗದ, ಕಾಯಿ ಮತ್ತು ಗೋ ಆಟದ ಹಲಗೆಗಳಿಂದಲೇ ಮೊದಲ ಶೋಧಗಳು ನಡೆದವು. ಹತ್ತು ಕೋಶಗಳ ನೇರಸಾಲನ್ನು ಅದರ ಪಾಡಿಗೆ ಬಿಟ್ಟರೆ ಅದು ಆವರ್ತ 15ರ ಆಂದೋಲಕವಾಗಿ ನೆಲೆಗೊಳ್ಳುತ್ತದೆಯೆಂದು ಕಾನ್ವೆ 1970ರಲ್ಲೇ ಕಂಡುಕೊಂಡರು. ಆವರ್ತ 3ರ ‘ಪಲ್ಸರ್’ ಕೂಡ ಅದೇ ವರ್ಷದ್ದು. ಅದರ ಅತ್ಯಂತ ವಿರಳ ಹಂತದಲ್ಲೂ 48 ಸಜೀವ ಕೋಶಗಳಿದ್ದರೂ ಯಾದೃಚ್ಛಿಕವಾಗಿ ಚೆಲ್ಲಿದ ಕೋಶಗಳಿಂದ ಅದು ತಾನಾಗಿಯೇ ಮೇಲಿಂದ ಮೇಲೆ ಹುಟ್ಟಿಬರುತ್ತದೆ. ದೊಡ್ಡದೆಲ್ಲ ಅಪರೂಪವೆಂಬ ಎಣಿಕೆ ಇಲ್ಲಿ ಸಲ್ಲದು. ಅದೇ ವರ್ಷದ ನವೆಂಬರಿನಲ್ಲಿ ಎಂ.ಐ.ಟಿ.ಯ ಬಿಲ್ ಗಾಸ್ಪರ್ ಅವರು ಆವರ್ತ 30ರ ಒಂದು ವಿನ್ಯಾಸವನ್ನು ಕಂಡುಹಿಡಿದರು. ಅದು 30 ತಲೆಮಾರುಗಳಿಗೊಮ್ಮೆ ಒಂದು ‘ಗ್ಲೈಡರ್’ ಅನ್ನು, ಎಂದರೆ ಕರ್ಣದ ದಿಕ್ಕಿನಲ್ಲಿ ತಾನೇ ಸಾಗುವ ಐದು ಕೋಶಗಳ ಆಕೃತಿಯನ್ನು, ಹೊರಕ್ಕೆ ಕಳುಹಿಸುತ್ತದೆ. ಅಳತೆ ಮೀರಿ ಬೆಳೆಯುವ ವಿನ್ಯಾಸವಿದೆಯೇ ಎಂಬ ಪ್ರಶ್ನೆಗೆ ಕಾನ್ವೆ ಇಟ್ಟಿದ್ದ 50 ಡಾಲರ್ ಬಹುಮಾನ ಗಾಸ್ಪರ್ ಅವರ ಬಳಗಕ್ಕೆ ಸಂದಿತು.

ಹುಡುಕಾಟದ ಕಷ್ಟವೆಲ್ಲಿದೆ

ಅಳಗುಳಿಮಣೆಯ ಮೆಟ್ಟಿಲಿನಂಥ ಏಕಸೂತ್ರವೊಂದು ಜೀವದಾಟಕ್ಕೆ ಏಕೆ ದೊರೆಯುವುದಿಲ್ಲ? ಒಂದು ಬೀಜದ ಚಲನೆಯನ್ನು ಉಳಿದವುಗಳಿಂದ ಬೇರ್ಪಡಿಸಿ ನೋಡಲು ಅಲ್ಲಿ ಸಾಧ್ಯವಿತ್ತು. ಜೀವದಾಟದಲ್ಲಿ ಒಂದೇ ಕೋಶವನ್ನು ಹೆಚ್ಚಿಸಿದರೆ ಇಡೀ ಭವಿಷ್ಯ ಬದಲಾಗಬಹುದು. ಐದು ಕೋಶಗಳ ‘ಆರ್-ಪೆಂಟೊಮಿನೊ’ ಎಂಬ ಆಕೃತಿ ನೆಲೆಗೊಳ್ಳುವುದು 1103ನೆಯ ತಲೆಮಾರಿನಲ್ಲಿ. ಇದನ್ನು ಆರಂಭದ ಆಕೃತಿಯಿಂದ ಊಹಿಸುವ ಅಡ್ಡದಾರಿಯಿಲ್ಲ, ನಡೆಸಿಯೇ ನೋಡಬೇಕು. ಜೀವದಾಟದಲ್ಲಿ ಯಾವುದೇ ಗಣಕವನ್ನು ಕಟ್ಟಬಹುದೆಂದು ತೋರಿಸುವ ವಾದವು ಬರ್ಲಿಕ್ಯಾಂಪ್, ಕಾನ್ವೆ ಮತ್ತು ಗಾಯ್ ಅವರ 1982ರ ‘ವಿನ್ನಿಂಗ್ ವೇಸ್’ ಗ್ರಂಥದಲ್ಲಿ ಬಂದಿತು. ಅದರ ಫಲವಾಗಿ, ಕೊಟ್ಟ ವಿನ್ಯಾಸವೊಂದು ಕೊನೆಗೆ ಆವರ್ತಕ್ಕೆ ಬೀಳುವುದೋ ಇಲ್ಲವೋ ಎಂಬುದನ್ನು ಎಲ್ಲ ಸಂದರ್ಭಗಳಲ್ಲೂ ನಿರ್ಣಯಿಸಬಲ್ಲ ಕ್ರಮವಿಧಿಯೇ ಇರಲಾರದು.

ಎಲ್ಲವನ್ನೂ ಪರೀಕ್ಷಿಸಿ ನೋಡುವುದೂ ಆಗದ ಮಾತು. ಹತ್ತು ಹತ್ತರ ಚೌಕವೊಂದರಲ್ಲಿ ಕೋಶಗಳನ್ನು ಇಡುವ ಬಗೆಗಳು ಎರಡರ ನೂರನೆಯ ಘಾತದಷ್ಟು. 1ರ ಮುಂದೆ 30 ಸೊನ್ನೆಗಳನ್ನಿಟ್ಟ ಸಂಖ್ಯೆಗಿಂತಲೂ ಅದು ಹೆಚ್ಚು. ಕ್ಷಣಕ್ಕೆ ನೂರು ಕೋಟಿ ವಿನ್ಯಾಸಗಳನ್ನು ನೋಡುವ ಯಂತ್ರಕ್ಕೂ ಸುಮಾರು 40 ಲಕ್ಷ ಕೋಟಿ ವರ್ಷಗಳು ಬೇಕು. ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸಿ ಹೊರಟ ಮನೆಯ ಪಕ್ಕಕ್ಕೆ ತರುವ ತುರಗಗತಿಯ ಸಮಸ್ಯೆಯನ್ನು ಇದರೊಡನೆ ಹೋಲಿಸಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಪರಿಹಾರಗಳನ್ನು ರಚಿಸುವುದರಲ್ಲಿ ಆಸಕ್ತರಾಗಿದ್ದುದು ಪ್ರಸಿದ್ಧ. ಅಲ್ಲಿಯೂ ರಚಿಸುವುದು ಕಷ್ಟ, ರಚಿಸಿದ್ದನ್ನು ಬೆರಳಿಟ್ಟು ಪರೀಕ್ಷಿಸುವುದು ಸುಲಭ. ಆದರೆ ಹಾಗೆ ಮುಚ್ಚಿಕೊಳ್ಳುವ ತುರಗಗತಿಗಳು 13 ಲಕ್ಷ ಕೋಟಿಗೂ ಹೆಚ್ಚಿವೆ. ಜಾಣನ ಕೈಗೆ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ಆವರ್ತ 19ರ ಆಂದೋಲಕವನ್ನು ಹುಡುಕುತ್ತಿದ್ದವರಿಗೆ ಅಂಥದೊಂದು ಇದೆಯೆಂಬ ಭರವಸೆಯೂ ಇರಲಿಲ್ಲ. ಇದ್ದರೆ ಒಂದು ದಿನ ಹುಡುಕಾಟ ಮುಗಿಯುತ್ತದೆ. ಇಲ್ಲದಿದ್ದರೆ ಹುಡುಕಾಟವೆಂಬುದು ಎಂದೆಂದಿಗೂ ‘ಇಲ್ಲ’ ಎಂದು ಹೇಳುವುದಿಲ್ಲ, ಸುಮ್ಮನೆ ಮುಂದುವರಿಯುತ್ತದೆ. ಐವತ್ತು ವರ್ಷ ದೊರೆಯಲಿಲ್ಲವೆಂಬುದು ಇಲ್ಲವೆಂಬುದಕ್ಕೆ ಪ್ರಮಾಣವಾಗಲಾರದು.

ಎಲ್ಲ ಆವರ್ತಗಳೂ ಸಮಾನವಾಗಿ ಕಠಿಣವಲ್ಲ. ಆವರ್ತ 2 ಮತ್ತು ಆವರ್ತ 3ರ ಎರಡು ಆಂದೋಲಕಗಳನ್ನು ದೂರದೂರದಲ್ಲಿಟ್ಟು ಎರಡನ್ನೂ ಒಂದೆಂದು ಎಣಿಸಿದರೆ, ಲಘುತಮ ಸಾಮಾನ್ಯ ಅಪವರ್ತ್ಯದಂತೆ ಆವರ್ತ 6 ದೊರೆಯುತ್ತದೆ. ಇದು ಬರಿಯ ಲೆಕ್ಕದ ಜಾಣ್ಮೆ. ಕನಿಷ್ಠ ಒಂದು ಕೋಶವಾದರೂ ಪೂರ್ತಿ ಆವರ್ತದಲ್ಲಿ ಮಿಡಿಯದಿದ್ದರೆ ಶೋಧಕರು ಅಂಥದನ್ನು ಮಾನ್ಯ ಮಾಡುವುದಿಲ್ಲ. ಸಮಸಂಖ್ಯೆಯ ಆವರ್ತಗಳಿಗೆ ಮತ್ತೊಂದು ಅನುಕೂಲವಿದೆ: ವಿನ್ಯಾಸವು ಅರ್ಧ ಆವರ್ತದಲ್ಲಿ ತನ್ನದೇ ಕನ್ನಡಿಬಿಂಬವಾದರೆ ಸಾಕು, ಉಳಿದರ್ಧ ತಾನಾಗಿಯೇ ಒದಗುತ್ತದೆ. ಗಾಸ್ಪರ್ ಅವರ ಆವರ್ತ 30ರ ಯಂತ್ರದೊಳಗಿನ ‘ರಾಣಿಜೇನು’ 15 ತಲೆಮಾರುಗಳಲ್ಲಿ ಹಿಂದುಮುಂದಾಗಿ ತಿರುಗುವುದು ಹೀಗೆಯೇ. 19, 23, 41ರಂತಹ ಬೆಸ ಅವಿಭಾಜ್ಯ ಸಂಖ್ಯೆಗಳಿಗೆ ಈ ಎರಡು ಉಪಾಯಗಳೂ ಒದಗುವುದಿಲ್ಲ. ಕೊನೆಯವರೆಗೆ ಉಳಿದ 19 ಮತ್ತು 41 ಎರಡೂ ಅವಿಭಾಜ್ಯಗಳೇ ಎಂಬುದು ಆದುದರಿಂದ ಆಶ್ಚರ್ಯವಲ್ಲ.

ದೊಡ್ಡ ಆವರ್ತಗಳ ಕಡೆಯಿಂದ

ದೊಡ್ಡ ಆವರ್ತಗಳ ಪ್ರಶ್ನೆ ಮೊದಲು ಇತ್ಯರ್ಥವಾಯಿತೆಂಬುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಕಾರಣವಿದೆ. ಗ್ಲೈಡರ್ ಅನ್ನು ಒಂದು ಸಂದೇಶವಾಹಕನೆಂದು ಭಾವಿಸಿ, ಅದು ಬಂದಾಗ ಲಂಬಕೋನದಲ್ಲಿ ತಿರುಗಿಸಿ ಕಳುಹಿಸಿ ತಾನು ಮೊದಲಿನಂತೆಯೇ ಉಳಿಯುವ ಸ್ಥಿರ ಪ್ರತಿಫಲಕವೊಂದಿದೆಯೆನ್ನೋಣ. ಅಂಥ ನಾಲ್ಕನ್ನು ಮೂಲೆಗಳಲ್ಲಿಟ್ಟರೆ ಗ್ಲೈಡರ್ ಚೌಕಾಕಾರದ ಪಥದಲ್ಲಿ ಸುತ್ತುತ್ತಲೇ ಇರುತ್ತದೆ. ಮೂಲೆಗಳನ್ನು ದೂರ ಸರಿಸಿ ಪಥವನ್ನು ಉದ್ದಗೊಳಿಸಬಹುದು. ಒಂದೇ ಪಥದಲ್ಲಿ ಹಲವು ಗ್ಲೈಡರ್‌ಗಳನ್ನು ಸಮಾನ ಅಂತರದಲ್ಲಿ ಬಿಟ್ಟು ಬೇಕಾದ ಆವರ್ತವನ್ನು ಪಡೆಯಬಹುದು. ಮಣೆಯನ್ನು ಸುತ್ತುವ ಬೀಜಗಳ ಗುಂಪಿನ ನೆನಪು ಇಲ್ಲಿ ಸಹಜವಾಗಿಯೇ ಬರುತ್ತದೆ. ಕೆಳಮಿತಿಯನ್ನು ನಿರ್ಧರಿಸುವುದು ಒಂದೇ ಸಂಗತಿ: ಒಂದು ಗ್ಲೈಡರ್ ಅನ್ನು ತಿರುಗಿಸಿದ ಮೇಲೆ ಪ್ರತಿಫಲಕವು ಚೇತರಿಸಿಕೊಂಡು ಮತ್ತೊಂದನ್ನು ಸ್ವೀಕರಿಸಲು ಎಷ್ಟು ತಲೆಮಾರು ಬೇಕು?

ಡೇವಿಡ್ ಬಕಿಂಗ್‌ಹ್ಯಾಮ್ ಅವರು 1996ರಲ್ಲಿ ಗ್ಲೈಡರ್‌ಗೆ ಬದಲಾಗಿ ‘ಹರ್ಷಲ್’ ಎಂಬ ಏಳು ಕೋಶಗಳ ಆಕೃತಿಯನ್ನು ಸ್ಥಿರವಸ್ತುಗಳ ನಡುವಿನ ನಾಳಗಳಲ್ಲಿ ಹರಿಸುವ ಕ್ರಮವನ್ನು ತೋರಿಸಿ, 61 ಮತ್ತು ಅದಕ್ಕೆ ಮೇಲ್ಪಟ್ಟ ಎಲ್ಲ ಆವರ್ತಗಳನ್ನೂ ಒಂದೇ ಏಟಿಗೆ ಸಾಧಿಸಿದರು. ಪಾಲ್ ಕ್ಯಾಲಹಾನ್ ಅವರು ಮೊದಲ ಸ್ಥಿರ ಪ್ರತಿಫಲಕವನ್ನು ಕಟ್ಟಿದ್ದೂ ಅದೇ ವರ್ಷ. ಆದರೆ ಅದರ ಚೇತರಿಕೆಗೆ 4840 ತಲೆಮಾರುಗಳು ಬೇಕಿದ್ದವು. 2013ರಲ್ಲಿ ಮೈಕ್ ಪ್ಲೇಲ್ ತಾವೇ ಬರೆದ ಶೋಧಕ್ರಮದ ಮೂಲಕ ‘ಸ್ನಾರ್ಕ್’ ಎಂಬ ಚಿಕ್ಕ ಪ್ರತಿಫಲಕವನ್ನು ಕಂಡುಹಿಡಿದರು. ಅದಕ್ಕೆ 43 ತಲೆಮಾರುಗಳು ಸಾಕು. ಆ ದಿನದಿಂದ 43 ಮತ್ತು ಅದಕ್ಕಿಂತ ಹೆಚ್ಚಿನ ಆವರ್ತಗಳಲ್ಲಿ ಯಾವುದಕ್ಕೂ ಪ್ರತ್ಯೇಕ ಹುಡುಕಾಟದ ಅಗತ್ಯ ಉಳಿಯಲಿಲ್ಲ. ಅನಂತ ಸಂಖ್ಯೆಗಳ ಪ್ರಶ್ನೆ ಕೈಬೆರಳೆಣಿಕೆಯ ಪ್ರಶ್ನೆಯಾಯಿತು. ಮತ್ತು ಆ ಕೈಬೆರಳೆಣಿಕೆಯವೇ ಹಟಮಾರಿಗಳಾಗಿದ್ದವು.

ಚಿಕ್ಕ ಆವರ್ತಗಳ ಕಡೆಯಿಂದ

ಚಿಕ್ಕ ಆವರ್ತಗಳಿಗೆ ಬೇರೆಯೇ ಉಪಾಯಗಳು ಬೇಕಾದವು. 1989ರಲ್ಲಿ ಡೀನ್ ಹಿಕರ್ಸನ್ ರೂಪಿಸಿದ ಕ್ರಮದಲ್ಲಿ ಕಾಲವನ್ನು ಒಂದರ ಮೇಲೊಂದಿಟ್ಟ ಹಾಳೆಗಳಂತೆ ಭಾವಿಸಲಾಗುತ್ತದೆ. ಆವರ್ತ 5 ಬೇಕಾದರೆ ಐದು ಹಾಳೆಗಳು. ಐದನೆಯದರ ಮುಂದಿನದು ಮೊದಲನೆಯದೇ ಆಗಿರಬೇಕು. ಎಲ್ಲ ಮನೆಗಳೂ ಆರಂಭದಲ್ಲಿ ಅಜ್ಞಾತ. ಒಂದು ಮನೆಗೆ ಬೆಲೆಯೊಂದನ್ನು ಊಹಿಸಿ, ನಿಯಮವು ಅದರಿಂದ ಬೇರಾವ ಮನೆಗಳನ್ನು ಬಲವಂತವಾಗಿ ನಿಗದಿಗೊಳಿಸುತ್ತದೆಂದು ನೋಡಿ, ವಿರೋಧ ಬಂದರೆ ಹಿಂದಕ್ಕೆ ಹೋಗಿ ಊಹೆಯನ್ನು ಬದಲಿಸುವುದು ಇದರ ತಿರುಳು. ಅಂಕಿಗಳ ಸುಡೊಕು ಬಿಡಿಸುವವರಿಗೆ ಈ ಮನೋವ್ಯಾಪಾರ ಪರಿಚಿತ. ಡೇವಿಡ್ ಬೆಲ್ ಅವರ ‘ಲೈಫ್‌ಸರ್ಚ್’ ತಂತ್ರಾಂಶ ಈ ಕ್ರಮವನ್ನು ಎಲ್ಲರ ಕೈಗೆಟುಕಿಸಿತು. ಕ್ರಮದ ಮಿತಿಯೂ ಅಷ್ಟೇ ಸ್ಪಷ್ಟ: ಆವರ್ತ 19 ಎಂದರೆ ಹತ್ತೊಂಬತ್ತು ಹಾಳೆಗಳು, ಅಜ್ಞಾತಗಳು ಅಷ್ಟು ಪಟ್ಟು ಹೆಚ್ಚು.

ಇದಕ್ಕೆ ವಿರುದ್ಧವಾದ ಮಾರ್ಗವೆಂದರೆ ಏನನ್ನೂ ಊಹಿಸದೆ ಯಾದೃಚ್ಛಿಕ ಕೋಶಗಳನ್ನು ಚೆಲ್ಲಿ ಅವು ನೆಲೆಗೊಂಡ ಮೇಲೆ ಉಳಿದದ್ದೇನೆಂದು ಶೋಧಿಸುವುದು. ಆಡಮ್ ಗೌಚರ್ ಅವರ ತಂತ್ರಾಂಶದ ಮೂಲಕ ಅನೇಕರು ತಮ್ಮ ಮನೆಯ ಗಣಕಗಳನ್ನು ಈ ಕೆಲಸಕ್ಕೆ ಹಚ್ಚಿದ್ದಾರೆ. ಪ್ರಕೃತಿಯಲ್ಲಿ ತಾವಾಗಿಯೇ ಬೆಳೆಯುವ ಗಿಡಗಳನ್ನು ಪಟ್ಟಿಮಾಡುವ ಸಸ್ಯಶಾಸ್ತ್ರಜ್ಞನ ಕೆಲಸದಂತಿದು. ಸಾಮಾನ್ಯವಾದುದು ಹೇರಳವಾಗಿ, ಅಪರೂಪದ್ದು ಅಪರೂಪಕ್ಕೆ ದೊರೆಯುತ್ತದೆ.

ಮೂರನೆಯ ಮಾರ್ಗವೇ ಕೊನೆಗೆ ಫಲಕೊಟ್ಟಿತು. ನಡುವೆ ಚಂಚಲವಾದ ಆಕೃತಿಯೊಂದನ್ನಿಡುತ್ತಾರೆ. ತನ್ನಷ್ಟಕ್ಕೆ ಬಿಟ್ಟರೆ ಅದು ಹರಡಿ ಚದುರಿಹೋಗುವಂಥದು. ಅದರ ಸುತ್ತ ನಾಲ್ಕು ಕೋಶಗಳ ‘ಬ್ಲಾಕ್’, ಏಳು ಕೋಶಗಳ ‘ಈಟರ್’ ಮೊದಲಾದ ಸ್ಥಿರವಸ್ತುಗಳನ್ನು ಬೇರೆ ಬೇರೆ ಸ್ಥಾನಗಳಲ್ಲಿ ನಿಲ್ಲಿಸಿ ನೋಡುತ್ತಾರೆ. ಚಂಚಲ ಆಕೃತಿ ತಾಗಿದಾಗ ಸ್ಥಿರವಸ್ತು ಒಂದು ಕ್ಷಣ ಕೆಟ್ಟು, ಅನಂತರ ಮೊದಲಿನ ರೂಪಕ್ಕೆ ಬರಬೇಕು. ಆ ತಾಗುವಿಕೆಯಿಂದ ನಡುವಿನ ಆಕೃತಿ ಮಾತ್ರ ದಾರಿ ಬದಲಿಸಬೇಕು. ರಸಾಯನಶಾಸ್ತ್ರದ ಹೋಲಿಕೆಯಿಂದ ಇವನ್ನು ವೇಗವರ್ಧಕಗಳೆಂದು ಕರೆಯುತ್ತಾರೆ. ಎಲ್ಲವೂ ಹೊಂದಿದರೆ ನಡುವಿನ ಆಕೃತಿ ಬೇಕಾದ ತಲೆಮಾರಿಗೆ ಸರಿಯಾಗಿ ಆರಂಭದ ಸ್ಥಿತಿಗೆ ಬರುತ್ತದೆ. ವಸ್ತುಗಳೂ ಸ್ಥಾನಗಳೂ ಲೆಕ್ಕವಿಲ್ಲದಷ್ಟಿರುವುದರಿಂದ, ನಿಷ್ಪ್ರಯೋಜಕವಾದ ಜೋಡಣೆಯನ್ನು ಆದಷ್ಟು ಬೇಗ ಕೈಬಿಡುವುದರಲ್ಲಿಯೇ ತಂತ್ರಾಂಶದ ಚಾತುರ್ಯವಿರುತ್ತದೆ.

ಹೊಸ ಸಹಸ್ರಮಾನದ ಆರಂಭದಲ್ಲಿ ಜೀವದಾಟದಲ್ಲಿ ಆಂದೋಲಕ ದೊರೆಯದ ಆವರ್ತಗಳು ಹನ್ನೆರಡು ಉಳಿದಿದ್ದವು. ಒಂದೊಂದಾಗಿ ಅವು ಕರಗಿದವು. 2019ರಲ್ಲಿ ಲೂಕಾ ಒಕಾನಿಶಿ ಅವರಿಗೆ ಆವರ್ತ 23 ದೊರೆಯಿತು. ಗಣಿತಜ್ಞ ಹಿಲ್ಬರ್ಟ್ 1900ರಲ್ಲಿ ಮುಂದಿಟ್ಟ 23 ಸಮಸ್ಯೆಗಳ ನೆನಪಿಗೆ ಅದನ್ನು ‘ಡೇವಿಡ್ ಹಿಲ್ಬರ್ಟ್’ ಎಂದು ಕರೆದರು. 2023ರಲ್ಲಿ ಮಿಚೆಲ್ ರೈಲಿ ಆವರ್ತ 19ರ ಆಂದೋಲಕವನ್ನು ಕಂಡುಹಿಡಿದರು. ಇಸ್ಪೀಟಿನ ‘ಕ್ರಿಬೇಜ್’ ಆಟದಲ್ಲಿ ಕೈಯೊಂದಕ್ಕೆ 19 ಅಂಕ ಬರುವುದು ಅಸಾಧ್ಯ. ಅಸಾಧ್ಯವೆನಿಸಿದ್ದುದು ಒದಗಿಬಂದುದರಿಂದ ಅದಕ್ಕೆ ಆ ಆಟದ ಹೆಸರೇ ನಿಂತಿತು. ಅದೇ ವರ್ಷ ನಿಕೊ ಬ್ರೌನ್ ಅವರಿಗೆ ಆವರ್ತ 41 ದೊರೆಯಿತು. ಅವರಿಬ್ಬರನ್ನೂ ಒಳಗೊಂಡ ಲೇಖಕರ ಬಳಗವೊಂದು 2023ರ ಡಿಸೆಂಬರಿನಲ್ಲಿ ಜೀವದಾಟವು ಸರ್ವಾವರ್ತಿಯೆಂಬ ಪ್ರಬಂಧವನ್ನು ಹೊರತಂದಿತು. ದಶಕಗಳ ಕಾಲ ದುಡಿದ ಅನೇಕರ ಕೆಲಸವನ್ನು, ಅವರಲ್ಲಿ ಹವ್ಯಾಸಿಗಳೂ ಸೇರಿ, ಅದು ಸಂಗ್ರಹಿಸಿ ಹೇಳಿದೆ.

ಈ ಪ್ರಮಾಣದ ಸ್ವರೂಪ ಗಮನಾರ್ಹ. ಅಳಗುಳಿಮಣೆಯ ಉತ್ತರದಲ್ಲಿ ಎಲ್ಲ ಆವರ್ತಗಳಿಗೂ ಒಂದೇ ಕಾರಣವಿದೆ. ಜೀವದಾಟದ ಉತ್ತರದಲ್ಲಿ 43ರಿಂದ ಮೇಲಕ್ಕೆ ಒಂದು ಕಾರಣವಿದೆ. ಅದರ ಕೆಳಗಿನವು ಬರಿಯ ಪಟ್ಟಿ, ಒಂದೊಂದಕ್ಕೂ ಒಂದೊಂದು ವಸ್ತು. ಹದಿನೆಂಟಕ್ಕೆ ಸಿಕ್ಕ ಆಂದೋಲಕ ಹತ್ತೊಂಬತ್ತರ ಬಗ್ಗೆ ಏನನ್ನೂ ಹೇಳುವುದಿಲ್ಲ. ಗಣಿತಜ್ಞರಲ್ಲಿ ಕೆಲವರಿಗೆ ಇಂಥ ಪ್ರಮಾಣ ರುಚಿಸದಿರಬಹುದು. ಆದರೆ ಪರೀಕ್ಷೆಯ ದೃಷ್ಟಿಯಿಂದ ಇದಕ್ಕಿಂತ ನಿಚ್ಚಳವಾದುದು ಅಪರೂಪ: ಬ್ರೌನ್ ಅವರ ವಿನ್ಯಾಸದಲ್ಲಿ 204 ಸಜೀವ ಕೋಶಗಳಿವೆ, ಅವನ್ನು ಚೌಕುಳಿ ಹಾಳೆಯಲ್ಲಿ ಗುರುತಿಸಿ ನಿಯಮವನ್ನು 41 ಸಲ ಅನ್ವಯಿಸುವ ತಾಳ್ಮೆಯುಳ್ಳ ಶಾಲಾ ವಿದ್ಯಾರ್ಥಿಯೂ ಅದನ್ನು ಖಚಿತಪಡಿಸಿಕೊಳ್ಳಬಲ್ಲನು. ಇವೇ ಆವರ್ತಗಳನ್ನು ಇನ್ನೂ ಕಡಿಮೆ ಕೋಶಗಳಲ್ಲಿ ಸಾಧಿಸುವ ಕೆಲಸ, ಹುಟ್ಟು–ಉಳಿವುಗಳ ಸಂಖ್ಯೆಗಳನ್ನು ಬದಲಿಸಿ ಪಡೆದ ಇತರ ನಿಯಮಗಳಲ್ಲಿ ಇದೇ ಪ್ರಶ್ನೆಯನ್ನು ಕೇಳುವ ಕೆಲಸ ಶೋಧಕರ ಮುಂದಿದೆ. ಸಾಗುವ ವಿನ್ಯಾಸಗಳ ಕ್ಷೇತ್ರದಲ್ಲಿಯೂ ಹುಡುಕಾಟ ನಡೆದೇ ಇದೆ: ಚದುರಂಗದ ಕುದುರೆಯಂತೆ, ಆರು ತಲೆಮಾರುಗಳಿಗೊಮ್ಮೆ ಒಂದು ದಿಕ್ಕಿಗೆ ಎರಡು ಮನೆ, ಅಡ್ಡಕ್ಕೆ ಒಂದು ಮನೆ ಸರಿಯುವ ‘ಸರ್ ರಾಬಿನ್’ ಎಂಬ ವಿನ್ಯಾಸ 2018ರಲ್ಲಿ ದೊರೆತಿದೆ.